ವೇಯ್ಟ್ ಇಡುವ ಪ್ರೆಶರ್ ಕುಕ್ಕರ್: ಬಿಗಿ ಬಜೆಟ್ಟಿನ ಅಡುಗೆಮನೆಗೆ ಯಾವುದು ಸರಿ, ಎಲ್ಲಿ ಕೈಕೊಡುತ್ತದೆ

ಖರ್ಚು ಕೈಮೀರುತ್ತಿರುವ ಹೊತ್ತಿನಲ್ಲಿ ಹೊಸ ಸಾಮಾನು ಕೊಳ್ಳಿ ಅಂತ ಹೇಳುವವರನ್ನು ಅನುಮಾನದಿಂದಲೇ ನೋಡಬೇಕು. ಆದರೂ ಅಡುಗೆಮನೆಯಲ್ಲಿ ಹಾಕಿದ ದುಡ್ಡನ್ನು ತಾನಾಗಿ ಮರಳಿಸುವ ಪಾತ್ರೆ ಒಂದಿದ್ದರೆ ಅದು ತಲೆಯ ಮೇಲೆ ವೇಯ್ಟ್ ಕೂರುವ ಹಳೇ ಮಾದರಿಯ ಪ್ರೆಶರ್ ಕುಕ್ಕರ್. ಅದರಲ್ಲಿ ಬಟನ್ ಇಲ್ಲ, ಸರ್ಕ್ಯೂಟ್ ಇಲ್ಲ. ಸವೆಯುವ ಭಾಗಗಳೆಲ್ಲ ಬಿಡಿಯಾಗಿ ಸಿಗುತ್ತವೆ, ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಬದಲಾಯಿಸಬಹುದು. ಆದರೆ ಕುಕ್ಕರ್ ಮನೆಗೆ ಬಂದ ಮಾತ್ರಕ್ಕೆ ಉಳಿತಾಯ ಆಗುವುದಿಲ್ಲ. ಬಹಳ ಮನೆಗಳಲ್ಲಿ ಅದು ಉಳಿಸಬೇಕಾದ ಇಂಧನದಲ್ಲಿ ಒಳ್ಳೆಯ ಪಾಲು ಕೂಗಿನ ಜೊತೆಗೇ ಹಾರಿಹೋಗುತ್ತದೆ.

ತೀರ್ಪು ಮೊದಲೇ ಹೇಳಿಬಿಡುವುದು ವಾಸಿ. ಮೂರ್ನಾಲ್ಕು ಜನರ ಮನೆಗೆ 5 ಲೀಟರಿನದು, ಒಬ್ಬಿಬ್ಬರಿಗೆ 3 ಲೀಟರಿನದು. ದಪ್ಪ ತಳದ ಅಲ್ಯೂಮಿನಿಯಂ, ಒಳಗಡೆಯಿಂದ ಕೂರುವ ಮುಚ್ಚಳ. ಹುಳಿ ಪದಾರ್ಥ ಹೆಚ್ಚು ಬೇಯಿಸುವವರು, ಇಂಡಕ್ಷನ್ ಒಲೆ ಇರುವವರು ಸ್ಟೀಲ್ ತೆಗೆದುಕೊಳ್ಳಲಿ. ಯಾವ ಕಂಪನಿ ಅನ್ನುವುದಕ್ಕಿಂತ ಅದರ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ವೇಯ್ಟ್, ಹಿಡಿ ಈ ನಾಲ್ಕೂ ಹತ್ತಿರದಲ್ಲೇ ಬಿಡಿಯಾಗಿ ಸಿಗುತ್ತವೆಯೇ ಅನ್ನುವುದು ದೊಡ್ಡದು. ಸಿಗದಿದ್ದರೆ ಎಷ್ಟೇ ಅಗ್ಗವಿದ್ದರೂ ಬೇಡ.

ಈಗ ಲೆಕ್ಕಕ್ಕೆ ಬರೋಣ. ತೆರೆದ ಪಾತ್ರೆಯಲ್ಲಿ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಎಷ್ಟೇ ಉರಿ ಹಾಕಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. 2000 ಮೀಟರ್ ಎತ್ತರದ ಊರಿನಲ್ಲಿ 93 ಡಿಗ್ರಿಯ ಹತ್ತಿರವೇ ಕುದಿದು ನಿಂತುಬಿಡುತ್ತದೆ, ಕಾಳು ಬೇಯಲು ಸತಾಯಿಸುತ್ತದೆ. ಕುಕ್ಕರಿನೊಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್, ಅಂದರೆ 15 ಪಿಎಸ್ಐ ಹೆಚ್ಚು ಒತ್ತಡ ನಿಂತಾಗ ಕುದಿಬಿಂದು 121 ಡಿಗ್ರಿಗೆ ಏರುತ್ತದೆ. ಈ 21 ಡಿಗ್ರಿಯಲ್ಲೇ ಎಲ್ಲ ಇದೆ. ನೆನೆಸಿದ ಕಡಲೆಕಾಳು ತೆರೆದ ಪಾತ್ರೆಯಲ್ಲಿ ಒಂದರಿಂದ ಒಂದೂವರೆ ಗಂಟೆ ತೆಗೆದುಕೊಂಡರೆ, ಒತ್ತಡ ಏರಿದ ಮೇಲೆ 15ರಿಂದ 20 ನಿಮಿಷಕ್ಕೆ ಮುಗಿಯುತ್ತದೆ. 1 ಕಿಲೋವ್ಯಾಟ್ ಶಾಖ ಕೊಡುವ ಸಣ್ಣ ಬರ್ನರ್ ಗಂಟೆಗೆ 80 ಗ್ರಾಂ ಆಸುಪಾಸು ಎಲ್‌ಪಿಜಿ ಉರಿಸುತ್ತದೆ. ಒಂದು ಗಂಟೆ ಉರಿ ತಪ್ಪಿದರೆ ಪ್ರತಿ ಪಾತ್ರೆ ಕಾಳಿಗೂ ಅಷ್ಟು ಗ್ಯಾಸ್ ಉಳಿದಂತೆ. ವಾರಕ್ಕೆ ಎಷ್ಟು ಬಾರಿ ಕಾಳು ಬೇಯಿಸುತ್ತೀರಿ ಅನ್ನುವುದರಿಂದ ಗುಣಿಸಿ, ನಿಮ್ಮಲ್ಲಿಯ ಗ್ಯಾಸಿನ ದರ ಹಾಕಿ ನೋಡಿ. ಎಷ್ಟು ತಿಂಗಳಿಗೆ ಅಸಲು ಹುಟ್ಟುತ್ತದೆ ಅನ್ನುವುದು ಅಂಗಡಿಯವನಿಗಿಂತ ನಿಮಗೇ ಸರಿಯಾಗಿ ಗೊತ್ತಾಗುತ್ತದೆ.

ಕೂಗಿನ ವಿಷಯ. ವೇಯ್ಟ್ ಎದ್ದು ಹಬೆ ಹೊರಗೆ ನುಗ್ಗಿತು ಅಂದರೆ ಒಳಗೆ ಬೇಕಾದ ಒತ್ತಡ ತುಂಬಿ ಹೆಚ್ಚಾಗಿದ್ದು ಚೆಲ್ಲಿಹೋಗುತ್ತಿದೆ ಅಂತ ಅರ್ಥ. ಅಡುಗೆಗೆ ಅದರಿಂದ ಉಪಯೋಗ ಸೊನ್ನೆ. ಹಬೆಯಾಗಿ ಹೋಗುವ ಪ್ರತಿ 100 ಮಿಲಿ ನೀರೂ 226 ಕಿಲೋಜೂಲ್ ಶಾಖ ಹೊತ್ತುಕೊಂಡು ಹೋಗುತ್ತದೆ. ಅಷ್ಟು ಶಾಖದಲ್ಲಿ 700 ಮಿಲಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಅಡುಗೆಮನೆಯ ಗೋಡೆ ಒದ್ದೆ ಮಾಡಲು ಇಷ್ಟು ಗ್ಯಾಸ್ ಯಾಕೆ?

ಇನ್ನೊಂದು, ಕೂಗು ಸಮಯದ ಅಳತೆಯೇ ಅಲ್ಲ. ದೊಡ್ಡ ಉರಿಯಲ್ಲಿ ಮೂರು ಕೂಗು ಮೂರು ನಿಮಿಷದೊಳಗೆ ಬಂದುಬಿಡುತ್ತವೆ, ಸಣ್ಣ ಉರಿಯಲ್ಲಿ ಒಂದಕ್ಕೇ ಐದು ನಿಮಿಷ ಕಾಯಬೇಕಾಗಬಹುದು. ಒಂದೇ ಕಾಳು, ಅದೇ ಐದು ಕೂಗು, ಒಂದು ದಿನ ಮುದ್ದೆ ಇನ್ನೊಂದು ದಿನ ಗಟ್ಟಿ ಅನ್ನುವ ದೂರಿನ ಮೂಲ ಇದೇ. ಗಡಿಯಾರ ನೋಡಿ ಬೇಯಿಸುವುದು ಸರಿಯಾದ ದಾರಿ. ಮುಚ್ಚಳ ಹಾಕಿ ವೇಯ್ಟ್ ಇಡದೆ ದೊಡ್ಡ ಉರಿಯಲ್ಲಿ ಕಾಯಿಸಿ. ವೇಯ್ಟ್ ಕೂರುವ ನಳಿಗೆಯಿಂದ ಹಬೆ ತಡೆತಡೆದು ಬರುವುದು ನಿಂತು, ಒಂದೇ ಸಮನೆ ನೆಟ್ಟಗೆ ಬರತೊಡಗಿದ ಮೇಲೆ ಅರ್ಧ ನಿಮಿಷ ಬಿಟ್ಟು ವೇಯ್ಟ್ ಇಡಿ. ಇದು ಬರೀ ಶಾಸ್ತ್ರವಲ್ಲ. ಒಳಗೆ ಗಾಳಿ ಉಳಿದಿದ್ದರೆ ಒತ್ತಡದಲ್ಲಿ ಅದರದೂ ಪಾಲಿರುತ್ತದೆ, ಹಬೆಯ ಪಾಲು ಅಷ್ಟು ಕಮ್ಮಿ, ಶಾಖವೂ 121ಕ್ಕೆ ಮುಟ್ಟುವುದಿಲ್ಲ. ವೇಯ್ಟ್ ಇಟ್ಟ ಮೇಲೆ ಮೊದಲ ಕೂಗು ಬಂದ ಕೂಡಲೇ ಉರಿ ತಗ್ಗಿಸಿ. ವೇಯ್ಟ್ ಏಳಬಾರದು, ಆದರೆ ಅದರ ಬುಡದಲ್ಲಿ ಸಣ್ಣಗೆ ಸುಯ್ ಅನ್ನುತ್ತಿರಬೇಕು. ಆ ಮಟ್ಟ ಸಿಕ್ಕ ಕ್ಷಣದಿಂದ ನಿಮಿಷ ಎಣಿಸಿ. ಸದ್ದು ಪೂರ್ತಿ ನಿಂತರೆ ಉರಿ ತೀರಾ ಸಣ್ಣದಾಯಿತು, ಕೂದಲೆಳೆಯಷ್ಟು ಏರಿಸಿ. ನಿಮ್ಮ ಒಲೆಯಲ್ಲಿ ಗುಬ್ಬಿ (ನಾಬ್) ಯಾವ ಜಾಗಕ್ಕೆ ಬರಬೇಕು ಅನ್ನುವುದು ಬೇಗ ಕೈಗೆ ಹತ್ತುತ್ತದೆ. ಅತಿ ಸಣ್ಣ ಉರಿಯಲ್ಲೂ ಕೂಗು ನಿಲ್ಲದಿದ್ದರೆ ಸಣ್ಣ ಬರ್ನರಿಗೆ ಬದಲಾಯಿಸಿ.

ಒಲೆ ಆರಿಸಿದ ಮೇಲೂ 10ರಿಂದ 15 ನಿಮಿಷ ಒಳಗಡೆ ಬೇಯುತ್ತಲೇ ಇರುತ್ತದೆ, ಅದು ಬಿಟ್ಟಿ ಶಾಖ. ವೇಯ್ಟ್ ಎತ್ತಿ ಹಬೆ ಬಿಡುವುದು, ನಲ್ಲಿ ಕೆಳಗೆ ಹಿಡಿಯುವುದು ಮಾಡಿದರೆ ಅದೂ ಹೋಯಿತು. ಜೊತೆಗೆ ಒತ್ತಡ ಒಮ್ಮೆಲೇ ಇಳಿದಾಗ ಒಳಗಿನ ನೀರು ಭುಗಿಲೆದ್ದು ಕುದಿಯುತ್ತದೆ, ಕಾಳಿನ ಸಿಪ್ಪೆ ಒಡೆಯುತ್ತದೆ, ನೊರೆ ನಳಿಗೆಗೆ ಏರುತ್ತದೆ. ಆತುರವಿಲ್ಲದ ದಿನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು: ನೆನೆಸಿದ ಕಾಳನ್ನು 8ರಿಂದ 10 ನಿಮಿಷ ಒತ್ತಡದಲ್ಲಿ ಬೇಯಿಸಿ, ಒಲೆಯಿಂದ ಇಳಿಸಿ, ದಪ್ಪ ಹತ್ತಿ ಬಟ್ಟೆ ಸುತ್ತಿ ಮುಕ್ಕಾಲು ಗಂಟೆ ಬಿಡುವುದು. ಸಿಂಥೆಟಿಕ್ ಬಟ್ಟೆ ಬೇಡ, ಬಿಸಿ ತಳಕ್ಕೆ ಅಂಟಿ ಕರಗುತ್ತದೆ. ಹೀಗೆ ಇಟ್ಟಿದ್ದನ್ನು ಸಂಜೆಯವರೆಗೆ ಮರೆಯುವಂತಿಲ್ಲ. 60 ಡಿಗ್ರಿಗಿಂತ ಕೆಳಗಿಳಿದ ಅಡುಗೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯತೊಡಗುತ್ತದೆ.

ಗಾತ್ರ ಆರಿಸುವಾಗ ಎಲ್ಲರೂ ಒಂದು ಮೆಟ್ಟಿಲು ದೊಡ್ಡದನ್ನೇ ಎತ್ತಿಕೊಂಡು ಬರುತ್ತಾರೆ, ನೆಂಟರು ಬಂದರೆ ಬೇಕಾಗುತ್ತದೆ ಅಂತ. 5 ಲೀಟರ್ ಅಂದರೆ 5 ಲೀಟರ್ ಅಡುಗೆ ಅಲ್ಲ. ಮಿತಿ ಮೂರರಲ್ಲಿ ಎರಡು ಪಾಲು, ಅಂದರೆ 3.3 ಲೀಟರ್, ನೊರೆ ಬರುವ ಬೇಳೆ, ಉಬ್ಬುವ ಧಾನ್ಯಕ್ಕೆ ಅರ್ಧ, 2.5 ಲೀಟರ್. ಅರ್ಧ ಕಿಲೋ ಒಣ ಕಡಲೆ ನೆನೆದು, ಮುಳುಗುವಷ್ಟು ನೀರೂ ಸೇರಿ ಈ ಅರ್ಧದೊಳಗೆ ಆರಾಮಾಗಿ ಕೂರುತ್ತದೆ, ಬೆಂದ ಮೇಲೆ 1 ಕಿಲೋಗಿಂತ ಹೆಚ್ಚು ಬರುತ್ತದೆ. ಹಾಗಂತ 7.5 ಲೀಟರಿನ ಕುಕ್ಕರಿನಲ್ಲಿ ಎರಡು ಹಿಡಿ ಬೇಳೆ ಇಟ್ಟರೆ ಅಷ್ಟೂ ಲೋಹ ಕಾಯಬೇಕು, ಅಷ್ಟೂ ಖಾಲಿ ಜಾಗದ ಗಾಳಿ ಹೊರಬೀಳಬೇಕು. ಉಳಿತಾಯ ಅಲ್ಲೇ ಕರಗಿತು.

ಲೋಹದ ಚರ್ಚೆ ಚಿಕ್ಕದಾಗಿ ಮುಗಿಸಬಹುದು. ಅಲ್ಯೂಮಿನಿಯಂ ಸ್ಟೀಲಿಗಿಂತ ಹದಿನೈದು ಪಟ್ಟಿನ ಹತ್ತಿರ ಚೆನ್ನಾಗಿ ಶಾಖ ಹರಡುತ್ತದೆ, ಹಗುರ, ಅಗ್ಗ. ಒಳಗೆ ಕಪ್ಪಾಗುವುದು ನೀರಿನ ಖನಿಜ ಮತ್ತು ಕ್ಷಾರದಿಂದ; ನಿಂಬೆ ಸಿಪ್ಪೆ ಹಾಕಿ ನೀರು ಕುದಿಸಿದರೆ ಹೋಗುತ್ತದೆ. ಹುಳಿ ಅಡುಗೆಯನ್ನು ಅದರಲ್ಲೇ ರಾತ್ರಿಯಿಡೀ ಬಿಡುವುದು ಮಾತ್ರ ಸರಿಯಲ್ಲ. ಸ್ಟೀಲ್ ತೆಗೆದುಕೊಳ್ಳುವುದಾದರೆ ತಳದಲ್ಲಿ ಅಲ್ಯೂಮಿನಿಯಂ ಪದರ ಬೆಸೆದ ಸ್ಯಾಂಡ್‌ವಿಚ್ ತಳ ಇರಲೇಬೇಕು, ಇಲ್ಲದಿದ್ದರೆ ಉರಿ ತಗಲುವ ಕಡೆ ಮಾತ್ರ ಸೀಯುತ್ತದೆ. ಆ ತಳದ ಶತ್ರು ಒಣ ಕಾಯುವಿಕೆ. ನೀರಾರಿ ಒಮ್ಮೆ ಜೋರಾಗಿ ಕಾದರೆ ಪದರ ಬಿಟ್ಟುಕೊಳ್ಳುತ್ತದೆ, ಅದಕ್ಕೆ ರಿಪೇರಿ ಇಲ್ಲ.

ಮುಚ್ಚಳದಲ್ಲಿ ಎರಡು ಜಾತಿ. ಹೊರಮುಚ್ಚಳದ್ದು ಪಾತ್ರೆಯ ಬಾಯಿಯ ಮೇಲೆ ಕೂತು ತಿರುಗಿಸಿದಾಗ ಕಚ್ಚಿಕೊಳ್ಳುತ್ತದೆ. ಒಳಮುಚ್ಚಳದ್ದು ಓರೆಯಾಗಿ ಒಳಗಿಳಿದು ಮೇಲಕ್ಕೆ ಒತ್ತಿಕೊಳ್ಳುತ್ತದೆ. ಎರಡನೆಯದರಲ್ಲಿ ಒಳಗಿನ ಒತ್ತಡವೇ ಮುಚ್ಚಳವನ್ನು ಬಿಗಿಹಿಡಿಯುವುದರಿಂದ, ಹಬೆ ಇರುವಾಗ ಯಾರಾದರೂ ಅರಿಯದೆ ಎಳೆದರೂ ಬಿಚ್ಚಿಕೊಳ್ಳುವುದಿಲ್ಲ. ತೊಳೆಯಲು, ಹೊಸಬರಿಗೆ ಹಾಕಲು ಸ್ವಲ್ಪ ತಾಪತ್ರಯ. ಒಳಗೆ ಎರಡು ಮೂರು ಡಬ್ಬಿ ಒಂದರ ಮೇಲೊಂದು ಇಟ್ಟು ಒಂದೇ ಉರಿಯಲ್ಲಿ ಎಲ್ಲ ಬೇಯಿಸುವವರಿಗೆ ಹೊರಮುಚ್ಚಳದ ಅಗಲ ಬಾಯಿ ಅನುಕೂಲ. ಆ ಅನುಕೂಲ ನಿಜವಾದ ಉಳಿತಾಯವೇ ಆದ್ದರಿಂದ ಇಲ್ಲಿ ಹಟ ಮಾಡುವಂಥದ್ದೇನಿಲ್ಲ.

ಈ ಯಂತ್ರ ಕೈಕೊಡುವುದು ಹೆಚ್ಚಾಗಿ ಗ್ಯಾಸ್ಕೆಟ್ಟಿನಲ್ಲಿ. ನೈಟ್ರೈಲ್ ರಬ್ಬರು ಶಾಖ ಮತ್ತು ಎಣ್ಣೆಗೆ ಸಿಕ್ಕಿ ವರ್ಷದೊಳಗೆ ಗಟ್ಟಿಯಾಗುತ್ತದೆ. ಪಕ್ಕದಿಂದ ಹಬೆ ಸೋರತೊಡಗಿದಾಗ ಬಹಳ ಜನ ಉರಿ ದೊಡ್ಡದು ಮಾಡಿ ಕೂಗಿಸಿಕೊಳ್ಳುತ್ತಾರೆ. ಅಂದರೆ ಸಣ್ಣ ರಬ್ಬರು ಬಳೆಯ ದುಡ್ಡು ಉಳಿಸಲು ಹೋಗಿ ತಿಂಗಳುಗಟ್ಟಲೆ ಗ್ಯಾಸ್ ಸುಡುವುದು. ಆದರೆ ಸೋರಿಕೆಗೆಲ್ಲ ಗ್ಯಾಸ್ಕೆಟ್ಟೇ ಕಾರಣವೂ ಅಲ್ಲ. ಹೊಸದು ತರುವ ಮೊದಲು ಪರೀಕ್ಷೆ ಮಾಡಿ. ಅರ್ಧ ಲೀಟರ್ ನೀರು ಮಾತ್ರ ಹಾಕಿ ಮುಚ್ಚಿ ಕಾಯಿಸಿ, ಹನಿ ಯಾವ ಜಾಗದಲ್ಲಿ ಜಿನುಗುತ್ತದೆ ನೋಡಿ, ಪಾತ್ರೆಯ ಹಿಡಿಯನ್ನು ಗುರುತಾಗಿಟ್ಟುಕೊಂಡು ಜಾಗ ನೆನಪಿಡಿ. ಪೂರ್ತಿ ಆರಿದ ಮೇಲೆ ಗ್ಯಾಸ್ಕೆಟ್ಟನ್ನು ಮುಚ್ಚಳದಲ್ಲೇ ಕಾಲುಸುತ್ತು ತಿರುಗಿಸಿ ಕೂರಿಸಿ ಮತ್ತೆ ಕಾಯಿಸಿ. ಸೋರಿಕೆಯೂ ಜೊತೆಗೆ ಕಾಲುಸುತ್ತು ಸರಿದರೆ ದೋಷ ರಬ್ಬರಿನದು. ಸೋರಿಕೆ ಮೊದಲಿದ್ದ ಜಾಗದಲ್ಲೇ ಉಳಿದರೆ ಪಾತ್ರೆಯ ಅಂಚು ತಗ್ಗಿದೆ, ಇಲ್ಲವೇ ಮುಚ್ಚಳ ಡೊಂಕಾಗಿದೆ. ಆಗ ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ಪ್ರಯೋಜನವಿಲ್ಲ. ಸೌಟನ್ನು ಕುಕ್ಕರಿನ ಅಂಚಿಗೆ ಟಪಟಪ ಬಡಿದು ಅಂಟಿದ್ದನ್ನು ಉದುರಿಸುವ ಅಭ್ಯಾಸ ಈ ತಗ್ಗಿಗೆ ಮುಖ್ಯ ಕಾರಣ.

ಗಟ್ಟಿಯಾದ ಗ್ಯಾಸ್ಕೆಟ್ಟನ್ನು ಫ್ರೀಜರಿನಲ್ಲಿಟ್ಟು ಹಾಕಿದರೆ ಆ ಹೊತ್ತಿನ ಅಡುಗೆ ಆಗಬಹುದು, ಅಷ್ಟೇ. ಹೊಸದು ಕೊಳ್ಳುವಾಗ ಸುತ್ತಳತೆ ಒಂದೇ ನೋಡಬೇಡಿ, ರಬ್ಬರಿನ ದಪ್ಪ ಮತ್ತು ಅಂಚಿನ ಆಕಾರವೂ ಹಳೆಯದಕ್ಕೆ ಸರಿಹೊಂದಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ದಿನಾ ತೊಳೆದು ಒರೆಸಿ, ಮುಚ್ಚಳ ಬಿಗಿಯದೆ ಸಡಿಲವಾಗಿಡಿ. ಬಿಗಿಮಾಡಿ ಇಟ್ಟ ರಬ್ಬರು ಚಪ್ಪಟೆಯಾಗಿ ಹಾಗೇ ನಿಂತುಬಿಡುತ್ತದೆ. ಸಿಲಿಕೋನ್ ಗ್ಯಾಸ್ಕೆಟ್ ಹೆಚ್ಚು ಕಾಲ ಮೆತ್ತಗಿರುತ್ತದೆ, ಆದರೆ ಹೀರಿಕೊಂಡ ಮಸಾಲೆ ವಾಸನೆ ಬೇಗ ಹೋಗುವುದಿಲ್ಲ.

ಜೀವಕ್ಕೆ ತೊಂದರೆ ತರುವುದು ವೇಯ್ಟಿನ ಜುಗಾಡು. ಕಳೆದುಹೋಯಿತು ಅಂತ ಬೇರೆ ಕುಕ್ಕರಿನದು ತಂದು ಕೂರಿಸುತ್ತಾರೆ. ಕೂರುತ್ತದೆ, ಕೂಗುತ್ತದೆ, ಸರಿಯಿದೆ ಅನ್ನಿಸುತ್ತದೆ. ಒತ್ತಡ ನಿರ್ಧಾರವಾಗುವುದು ವೇಯ್ಟಿನ ತೂಕ ಮತ್ತು ಅದರಡಿಯ ರಂಧ್ರದ ಅಗಲ ಎರಡರಿಂದಲೂ. 80 ಗ್ರಾಂ ವೇಯ್ಟು 3 ಮಿಲಿಮೀಟರ್ ರಂಧ್ರದ ಮೇಲೆ ಕೂತರೆ 1.1 ಬಾರ್ ಒತ್ತಡಕ್ಕೆ ಏಳುತ್ತದೆ. ಅದೇ ವೇಯ್ಟು 4 ಮಿಲಿಮೀಟರ್ ರಂಧ್ರದ ಮೇಲೆ 0.6 ಬಾರಿಗೇ ಎದ್ದು ಕೂಗುತ್ತದೆ, ಕಾಳು ಎಂದಿನ ಸಮಯಕ್ಕೆ ಬೇಯುವುದಿಲ್ಲ. 2.5 ಮಿಲಿಮೀಟರ್ ಆದರೆ 1.6 ಬಾರ್ ಆಗುವವರೆಗೆ ಕದಲುವುದೇ ಇಲ್ಲ. ಅರ್ಧ ಮಿಲಿಮೀಟರ್ ಕಣ್ಣಿಗೆ ಕಾಣುವ ವ್ಯತ್ಯಾಸವಲ್ಲ. ಆದ್ದರಿಂದ ಅದೇ ಕಂಪನಿಯ ಅದೇ ಮಾದರಿಯ ವೇಯ್ಟೇ ಬೇಕು.

ಸೇಫ್ಟಿ ವಾಲ್ವಿನ ನಡುವೆ ಕಡಿಮೆ ಶಾಖಕ್ಕೇ ಕರಗುವ ಮಿಶ್ರಲೋಹ ತುಂಬಿರುತ್ತದೆ. ನೀರು ಪೂರ್ತಿ ಆರಿ ಶಾಖ ಮಿತಿಮೀರಿದಾಗ ಅದು ಕರಗಿ ಹಬೆಗೆ ದಾರಿ ಬಿಡುತ್ತದೆ. ಕರಗಿದರೆ ಹೊಸದು ಹಾಕಬೇಕು. ಆ ತೂತಿಗೆ ಬೆಸುಗೆ, ಬೋಲ್ಟು, ಎಂ-ಸೀಲ್ ತುಂಬಿದ ಕುಕ್ಕರಿಗಿಂತ ಮುಚ್ಚಳವಿಲ್ಲದ ಬೋಗುಣಿ ಎಷ್ಟೋ ವಾಸಿ. ಪದೇ ಪದೇ ಕರಗುತ್ತಿದ್ದರೆ ವಾಲ್ವನ್ನು ಬೈಯದೆ ನೀರಿನ ಪ್ರಮಾಣ ನೋಡಿ: ಡಬ್ಬಿ ಇಟ್ಟು ಬೇಯಿಸುವಾಗಲೂ ತಳದಲ್ಲಿ ಕನಿಷ್ಠ 250 ಮಿಲಿ, ಸೋರುವ ಗ್ಯಾಸ್ಕೆಟ್ ಇದ್ದರೆ ಅದೂ ಸಾಲದು. ಇನ್ನು ಪ್ರತಿ ಸಲ ಮುಚ್ಚುವ ಮುನ್ನ ನಳಿಗೆಯನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ನೋಡಿ. ಒಂದು ಬೇಳೆ ಸಿಪ್ಪೆ ಸಾಕು ಅದನ್ನು ಮುಚ್ಚಲು.

ಯಾವುದಕ್ಕೆ ಇದು ಸಾರ್ಥಕ? ಮೊದಲನೆಯದು ಒಣ ಕಾಳು. ಡಬ್ಬಿಯಲ್ಲಿ ಬರುವ ಬೆಂದ ಕಾಳಿಗೆ ಕೊಡುವ ದುಡ್ಡಿನಲ್ಲಿ ಹೆಚ್ಚಿನ ಪಾಲು ನೀರಿಗೆ ಮತ್ತು ಡಬ್ಬಿಗೆ ಹೋಗುತ್ತದೆ. ಲೀಟರ್ ನೀರಿಗೆ 15 ಗ್ರಾಂ ಉಪ್ಪು ಹಾಕಿ 8 ಗಂಟೆ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಉಪ್ಪಿನ ಸೋಡಿಯಂ ಸಿಪ್ಪೆಯೊಳಗಿನ ಕ್ಯಾಲ್ಸಿಯಂ ಜಾಗಕ್ಕೆ ಬರುವುದರಿಂದ ಸಿಪ್ಪೆ ಮೆತ್ತಗಾಗುತ್ತದೆ. ಟೊಮೆಟೊ, ಹುಳಿ ಏನಿದ್ದರೂ ಬೆಂದ ಮೇಲೆ; ಆಮ್ಲ ಸೇರಿದರೆ ಕಾಳು ಬಿರುಸಾಗಿಯೇ ಉಳಿಯುತ್ತದೆ. ಗಡಸು ನೀರಿನವರು ಲೀಟರಿಗೆ ಕಾಲು ಚಮಚ ಅಡುಗೆ ಸೋಡಾ ಹಾಕಬಹುದು, ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ. ಇಷ್ಟಾದರೂ ಬೇಯದ ಕಾಳು ಸೆಕೆ ಮತ್ತು ತೇವದಲ್ಲಿ ಬಹಳ ದಿನ ಕೂತ ಹಳೇ ದಾಸ್ತಾನು, ಅಂಗಡಿ ಬದಲಾಯಿಸಿ. ರಾಜ್ಮಾಗೆ ಮಾತ್ರ ಒಂದು ಎಚ್ಚರಿಕೆ: ಹಸಿ ರಾಜ್ಮಾದಲ್ಲಿ ವಾಂತಿ ಭೇದಿ ತರುವ ಲೆಕ್ಟಿನ್ ಅನ್ನುವ ಪ್ರೋಟೀನ್ ಇದೆ, ಅದು ನಾಶವಾಗಲು ಪೂರ್ತಿ ಕುದಿಯಲ್ಲಿ ಕನಿಷ್ಠ 10 ನಿಮಿಷ ಬೇಕು. 80 ಡಿಗ್ರಿಯ ಹತ್ತಿರ ಗಂಟೆಗಟ್ಟಲೆ ಬೆಚ್ಚಗಿಟ್ಟರೆ ಸಾಲದು, ಇನ್ನೂ ಕೆಡುಕೇ. ಆದ್ದರಿಂದ ಮೇಲೆ ಹೇಳಿದ ಬಟ್ಟೆ ಸುತ್ತುವ ಉಪಾಯ ರಾಜ್ಮಾಗೆ ಬೇಡ, ಕುಕ್ಕರಿನಲ್ಲೇ ಪೂರ್ತಿ ಬೇಯಿಸಿ.

ಒಂದೇ ಸಲ ಎರಡು ಪಟ್ಟು ಬೇಯಿಸಿ ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬರುತ್ತದೆ. ಎರಡನೇ ಸಾರ್ಥಕ ಜಾಗ ಅಗ್ಗದ ಗಟ್ಟಿ ಮಾಂಸ ಮತ್ತು ಮೂಳೆ. ತೆರೆದ ಪಾತ್ರೆಯಲ್ಲಿ ಮೂರು ಗಂಟೆ ಬೇಡುವ ತುಂಡು ಮುಕ್ಕಾಲು ಗಂಟೆಗೆ ಬಿಡುತ್ತದೆ. ಅಕ್ಕಿಗೆ ಲಾಭ ಕಡಿಮೆ, ಬಿಗಿ ಮುಚ್ಚಳದ ಪಾತ್ರೆಯೂ ಬಹುಪಾಲು ಅದನ್ನೇ ಮಾಡುತ್ತದೆ. ಸೊಪ್ಪು, ಎಳೇ ತರಕಾರಿಗೆ ಕುಕ್ಕರ್ ಎತ್ತುವುದೇ ಬೇಡ. ಗಟ್ಟಿ ಗ್ರೇವಿ ಇಟ್ಟರೆ ತಳ ಹಿಡಿಯುತ್ತದೆ. ತೆಳ್ಳಗೆ ಬೇಯಿಸಿ, ಆಮೇಲೆ ಗಟ್ಟಿ ಮಾಡಿ.

ವಿದ್ಯುತ್ ಮಲ್ಟಿಕುಕ್ಕರ್ ಚೆನ್ನಾಗಿಯೇ ಇದೆ, ಹಬೆ ಪೋಲಾಗುವುದೂ ಕಡಿಮೆ, ಪಕ್ಕದಲ್ಲಿ ನಿಲ್ಲಬೇಕಿಲ್ಲ. ಆದರೆ ಹಲವು ಮಾದರಿಗಳ ಒತ್ತಡ 15 ಪಿಎಸ್ಐಗಿಂತ ಕೆಳಗೇ ಇರುವುದರಿಂದ ಸಮಯ ಹೆಚ್ಚು ಬೇಕು. ಸರ್ಕ್ಯೂಟ್ ಬೋರ್ಡ್ ಹೋದರೆ ರಿಪೇರಿಗಿಂತ ಹೊಸದೇ ಸಲೀಸು ಅನ್ನುವ ಮಾತು ಬರುತ್ತದೆ. ಕೈ ಬಿಗಿಯಾಗಿರುವಾಗ ಅಂಥ ಸಾಮಾನು ಬೇಡ ಅನ್ನುವುದು ಈ ವಿಮರ್ಶೆಯ ಪಕ್ಷಪಾತ.

ಹೊಸದಕ್ಕೆ ದುಡ್ಡಿಲ್ಲದಿದ್ದರೆ ಬಳಸಿದ್ದೂ ಆಗುತ್ತದೆ, ನೋಡಿ ಕೊಂಡರೆ. ತಳಕ್ಕೆ ಸ್ಕೇಲ್ ಆನಿಸಿ: ಹೊರಗೆ ಉಬ್ಬಿದ್ದರೆ ಒಣಗಿ ಕಾದಿದ್ದಿದೆ, ಬಿಟ್ಟುಬಿಡಿ. ಹೊರಮುಚ್ಚಳದ ಕುಕ್ಕರಾದರೆ ಪಾತ್ರೆಯನ್ನು ಗಾಜಿನ ಮೇಲೆ ಬೋರಲಿಟ್ಟು ಅಂಚಿನಡಿ ಬೆಳಕು ಕಾಣುತ್ತದೆಯೇ ನೋಡಿ. ಒಳಗೆ ಸೂಜಿಮೊನೆಯಂಥ ಗುಳಿ ಅಲ್ಲಲ್ಲಿ ಇದ್ದರೆ ತೊಂದರೆಯಿಲ್ಲ, ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಬೇಡ. ಹಿಡಿ ಅಲುಗಾಡಿದರೆ ಸ್ಕ್ರೂ ಬಿಗಿದು ನೋಡಿ, ಎಳೆ ಸವೆದು ಸುಮ್ಮನೆ ತಿರುಗುತ್ತಿದ್ದರೆ ಅದೂ ಬೇಡ. ತುಂಬಿದ ಕುಕ್ಕರನ್ನು ಎತ್ತುವುದು ಅದೇ ಹಿಡಿಯಲ್ಲಿ. ಎಲ್ಲ ಸರಿಯಿದ್ದರೆ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಎರಡನ್ನೂ ಹೊಸದು ಹಾಕುವ ಖರ್ಚನ್ನು ಮೊದಲೇ ಬೆಲೆಗೆ ಕೂಡಿಸಿಕೊಂಡು ಚೌಕಾಸಿ ಮಾಡಿ.